ಅರ್ಜಿಯಿಲ್ಲದೆ ಮುಂಬೈಗೆ

ಬನಶಂಕರೆವ್ವ ಮುಂಬೈಗೆ ಹೋಗುತ್ತೇನೆ ಎಂದಾಗ ಮನೆಯವರೆಲ್ಲ ಮೊದಲು ಕೇಳಿದ್ದು, ಅಲ್ಲಿ ಯಾರು ತೀರಿಕೊಂಡರು ಎಂದು.

“ಯಾರೂ ಸತ್ತಿಲ್ಲ,” ಅಂದಳು ಅವಳು. “ನೋಡಾಕ ಹೊಂಟೇನಿ.”

“ಏನು ನೋಡಾಕ?”

“ಮುಂಬೈ ನೋಡಾಕ.”

ಅದು 1956ರ ದಸರೆಯ ಹಿಂದಿನ ವಾರ. ಬೆಟಗೇರಿಯ ನೇಕಾರ ಓಣಿಯಲ್ಲಿ ಅವರ ಮನೆ. ಪಡಸಾಲೆಯಲ್ಲಿ ಸಾಲಾಗಿ ನಾಲ್ಕು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗಗಳು ಅವು. ಎರಡನೆಯದು ಬನಶಂಕರೆವ್ವನ ಗಂಡ ಬಾಬಣ್ಣನದು. ಅವನು ತೀರಿ ಎಂಟು ವರ್ಷವಾಗಿತ್ತು. ದಿನಕರ್ಮ ಮುಗಿದ ಮರುದಿನವೇ ಅವಳು ಆ ಕುಣಿಗಿಳಿದು ಕೂತಿದ್ದಳು. ಹೆಂಗಸರು ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತಬೇಕು, ಮಗ್ಗಕ್ಕೆ ಉದ್ದ ಎಳೆಗಳ ಹಾಸು ಹೂಡಲು ನೆರವಾಗಬೇಕು, ಗಂಡಸರು ನೇಯಬೇಕು ಎಂಬುದು ಆ ಮನೆಯ ರೂಢಿ. ಓಣಿ ಒಂದು ತಿಂಗಳು ಮಾತಾಡಿತು. ಅವಳು ನೇಯ್ದ ಸೀರೆಯ ಸೆರಗು ನೋಡಿದ ಮೇಲೆ ಸುಮ್ಮನಾಯಿತು.

ಈಗ ಮನೆಯ ಯಜಮಾನಿಕೆ ಮೈದುನ ನಾರಾಯಣಪ್ಪನದು. ಕೆಟ್ಟವನಲ್ಲ. ಆದರೆ ತನ್ನನ್ನು ಕೇಳದೆ ಮನೆಯಲ್ಲಿ ಒಲೆಯ ಬೂದಿಯೂ ಹೊರಗೆ ಹೋಗಬಾರದು ಎನ್ನುವ ಜಾತಿಯವನು. ಸೀರೆಗಳ ಪೆಂಡಿ ಹಿಡಿದು ವರ್ಷಕ್ಕೆರಡು ಸಲ ಮುಂಬೈಗೆ ಹೋಗಿಬರುತ್ತಿದ್ದ. ಅದಕ್ಕೂ ಮೊದಲು ಬಾಬಣ್ಣ ಹೋಗುತ್ತಿದ್ದ. ಸಮುದ್ರ ಹೇಗಿದೆ ಎಂದು ಅವಳು ಕೇಳಿದಾಗೆಲ್ಲ ಗಂಡ ಹೇಳುತ್ತಿದ್ದದ್ದು ಒಂದೇ ಮಾತು: “ನೀರು. ಮತ್ತೇನಿರತೈತಿ?”

“ಕಾಶಿಗೆ ಹೋಗ್ತೀನಿ ಅನ್ನು, ಕಳಸ್ತೀನಿ,” ಎಂದ ನಾರಾಯಣಪ್ಪ. “ಪಂಢರಾಪುರಕ್ಕ ಹೋಗ್ತೀನಿ ಅನ್ನು, ನಾನ ಗಾಡಿ ಹತ್ತಿಸಿ ಬರತೀನಿ. ಮುಂಬೈಗೆ ಏನು ಕೆಲಸ ನಿಂದು, ವೈನಿ?”

“ಹುಟ್ಟಿದಾಗಿಂದ ಮುಂಬೈ ಸರ್ಕಾರ, ಮುಂಬೈ ಸರ್ಕಾರ ಅಂತ ಕೇಳಕೋತ ಬಂದೇನಿ. ಕರಪಟ್ಟಿ ಬಂದರೂ ಮುಂಬೈಯಿಂದ, ನೋಟೀಸ ಬಂದರೂ ಮುಂಬೈಯಿಂದ. ಬರೋ ತಿಂಗಳ ಒಂದನೇ ತಾರೀಖಿನಿಂದ ನಾವು ಮೈಸೂರಿಗೆ ಸೇರತೇವಿ ಅಂತ ನೀನ ಪೇಪರ್ ಓದಿ ಹೇಳಿದಿ. ಅದು ಇನ್ನೂ ನಮ್ಮದು ಅನ್ನಿಸಿಕೊಳ್ಳೋವಾಗ ಒಮ್ಮೆ ನೋಡಿ ಬರಬೇಕು.”

“ದೀಪಾವಳಿ ಆರ್ಡರ್ ತಲಿ ಮ್ಯಾಲೆ ಕುಂತಾವು.”

“ನಂದು ಮುಗಿಸೇ ಹೋಗತೇನಿ. ಎಂಟು ದಿನಾ ಅಲ್ಲಿರತೇನಿ. ಒಂಬತ್ತನೇ ದಿನಾ ಗಾಡಿ ಹತ್ತತೇನಿ.”

“ನಾ ಹ್ಞೂಂ ಅನ್ನಲಿಲ್ಲಂದ್ರ?”

“ಹೇಳಿ ಹೊಂಟೇನಿ, ನಾರಾಯಣಪ್ಪ. ಕೇಳಿ ಹೊಂಟಿಲ್ಲ.”

ನಾರಾಯಣಪ್ಪನ ಹೆಂಡತಿ ಚೌಡವ್ವ ಮೂಲೆಯಲ್ಲಿ ಕಂಡಿಕೆ ಸುತ್ತುವ ರಾಟೆ ತಿರುಗಿಸುತ್ತ ಕೂತಿದ್ದಳು. ಅವಳ ಕೈ ಒಂದು ಗಳಿಗೆ ನಿಂತಿತು. ನಾರಾಯಣಪ್ಪ ಆ ಕಡೆ ನೋಡಿದ. ರಾಟೆ ಮತ್ತೆ ತಿರುಗಿತು.

ಜೊತೆಗೆ ಹೊರಟವಳು ಕಳಸಾಪುರದ ಹುಚ್ಚವ್ವ. ಇಬ್ಬರೂ ಸಣ್ಣಂದಿನ ಗೆಳತಿಯರು. ಹುಚ್ಚವ್ವನಿಗೆ ಎರಡೆಕರೆ ಎರೆಹೊಲ, ಒಬ್ಬ ಮಗ, ಮಾತು ಕಡಿಮೆ ಆಡುವ ಸೊಸೆ. “ನೀ ಬರ್ತೀಯೇನ?” ಎಂದದ್ದಕ್ಕೆ, “ಜೋಳ ಬಿತ್ತಿ ಆಗೇತಿ. ಇನ್ನ ಮೊಳಕಿ ಕಾಯಕೋತ ಕುಂಡ್ರೋದು ಮಗನ ಕೆಲಸ,” ಎಂದು ಒಪ್ಪಿಬಿಟ್ಟಿದ್ದಳು.

ತಲೆಯ ಮೇಲೆ ಗಂಟು ಹೊತ್ತು ದೊಡ್ಡ ಊರಲ್ಲಿ ತಿರುಗಲು ಬನಶಂಕರೆವ್ವನಿಗೆ ಮನಸ್ಸಿರಲಿಲ್ಲ. ಯುದ್ಧದ ಕಾಲಕ್ಕೆ ಗದಗಿನ ಸ್ಟೇಷನ್ನಿನಲ್ಲಿ ಸಿಪಾಯಿಗಳು ಬೆನ್ನಿಗೆ ಚೀಲ ಕಟ್ಟಿಕೊಂಡು ಇಳಿಯುತ್ತಿದ್ದುದನ್ನು ನೋಡಿದ್ದಳು. ಎರಡು ಕೈಯೂ ಖಾಲಿ, ನಡಿಗೆಯೂ ನೆಟ್ಟಗೆ. ತಾನೇ ನೇಯ್ದ ದಪ್ಪ ಬಟ್ಟೆಯನ್ನು ದರ್ಜಿ ಗುಡುಸಾಬನ ಮುಂದೆ ಹಾಕಿ ಅಂಥವೇ ಎರಡು ಹೊಲಿದುಕೊಡು ಎಂದಳು.

“ಏನವ್ವಾ, ಮಿಲಿಟರಿ ಸೇರತೀರೇನು?” ಎಂದ ಗುಡುಸಾಬ.

“ತಗೊಂಡ್ರ ಸೇರತೇವಿ. ಪಟ್ಟಿ ಗಟ್ಟಿ ಹೊಲಿ.”

ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ, ಅಗಸಿ ಹಿಂಡಿ, ಒಂದೊಂದು ಸೀರೆ, ಒಂದೊಂದು ಕೌದಿ ಚೀಲಕ್ಕೆ ಹೋದವು. ಸೋಮವಾರ ಸಂಜೆ ಇನ್ನೂ ಬೆಳಕಿರುವಾಗಲೇ ಇಬ್ಬರೂ ಬೆನ್ನಿಗೆ ಚೀಲ ಏರಿಸಿಕೊಂಡು ಓಣಿಯ ನಡುವೆ ನಡೆದು ಸ್ಟೇಷನ್ನಿಗೆ ಹೋದರು. ಕಟ್ಟೆಯ ಮೇಲೆ ಕೂತವರು ನಕ್ಕರು. ಹುಚ್ಚವ್ವ ಸೆರಗು ಮುಂದಕ್ಕೆಳೆದುಕೊಂಡಳು. ಬನಶಂಕರೆವ್ವ ಎಳೆದುಕೊಳ್ಳಲಿಲ್ಲ.

ಹುಬ್ಬಳ್ಳಿ, ಮಿರಜ, ಪುಣೆ. ಪುಣೆಯಲ್ಲಿ ಗಾಡಿ ಬದಲಿಸಬೇಕಾಯಿತು. ಘಟ್ಟದ ಬೊಗದೆಗಳ ಕತ್ತಲಲ್ಲಿ ಹುಚ್ಚವ್ವ ಕಣ್ಣು ಮುಚ್ಚಿಕೊಂಡೇ ಕೂತಳು. ಬುಧವಾರ ಮುಂಜಾನೆ ಮುಂಬೈಯ ಬೋರಿಬಂದರ ಸ್ಟೇಷನ್ನಿನಲ್ಲಿ ಇಳಿದಾಗ ಇಬ್ಬರ ಸೀರೆಯೂ ಇಂಜಿನ್ನಿನ ಮಸಿ ಹಿಡಿದು ಬಣ್ಣಗೆಟ್ಟಿತ್ತು. ಎದುರಿನಿಂದ ಬರುವ ಜನ ಇವರನ್ನು ನೋಡದೆಯೇ ಇವರ ಸುತ್ತ ಹರಿದುಹೋಗುತ್ತಿದ್ದರು.

ಸ್ಟೇಷನ್ನಿಗೆ ಸಮೀಪದಲ್ಲೇ ಒಂದು ಧರ್ಮಶಾಲೆ ಇತ್ತು. ಗಾಡಿಯಲ್ಲಿ ಪರಿಚಯವಾದ ಹೆಂಗಸೊಬ್ಬಳು ಅಲ್ಲಿ ಕಾಸಿಲ್ಲದೆ ಇರಬಹುದು ಎಂದಿದ್ದಳು. ಬಾಗಿಲಲ್ಲಿ ಕೂತ ಮ್ಯಾನೇಜರ ಕಣ್ಣೆತ್ತಿ, ಜೊತೆಗೆ ಯಾರಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದ. ನೂಲು ಮಾರುವವರ ಜೊತೆ ಆಡಿ ಆಡಿ ಬನಶಂಕರೆವ್ವನಿಗೆ ಒಂದಿಷ್ಟು ಮರಾಠಿ ಬರುತ್ತಿತ್ತು. “ಇವಳ ಜೊತೆ ನಾನು, ನನ್ನ ಜೊತೆ ಇವಳು,” ಎಂದಳು.

“ಗಂಡಸರು ಯಾರು ಅಂತ ಕೇಳಿದೆ.”

“ಯಾರೂ ಇಲ್ಲ.”

“ಹಾಗಾದರೆ ಜಾಗ ಇಲ್ಲ. ಯಾತ್ರೆಗೆ ಹೊರಟವರಾದರೆ ಬೇರೆ ಮಾತು.”

ಮರಾಠಿ ಬಾರದಿದ್ದರೂ ಯಾತ್ರೆ ಎಂಬ ಮಾತು ಹಿಡಿದ ಹುಚ್ಚವ್ವ ಗೆಳತಿಯ ಮೊಣಕೈ ತಿವಿದಳು. “ಕಾಶಿಗೆ ಹೊಂಟೇವಿ ಅನ್ನು. ಒಂದು ಮಾತಿಗೆ ಜಾಗ ಸಿಗತೈತಿ.”

“ಅನ್ನಂಗಿಲ್ಲ.”

“ಯಾಕ? ನಾಲಿಗಿ ಸವೀತೈತೇನು?”

“ಹಂಗಂದ್ರ ನಾ ಬಂದದ್ದು ಕಾಶಿಗೇ ಆಗತೈತಿ. ಊರಾಗ ಆಡದ ಸುಳ್ಳು ಇಲ್ಲಿ ಯಾಕ ಆಡಲಿ? ನಾ ಮುಂಬೈಗೆ ಬಂದೇನಿ.”

ಮ್ಯಾನೇಜರ ಕೈಬೀಸಿ ಹೋಗಿ ಎಂದ. ಬನಶಂಕರೆವ್ವ ಹೋಗಲಿಲ್ಲ. ಧರ್ಮಶಾಲೆಯ ಕಡೆಯ ಮೆಟ್ಟಿಲ ಮೇಲೆ ಕೂತು, ಚೀಲ ಬಿಚ್ಚಿ, ರೊಟ್ಟಿ ಮುರಿದು ಚಟ್ನಿ ಹಚ್ಚಿ ತಿನ್ನತೊಡಗಿದಳು. ಮೆಟ್ಟಿಲಿಂದಲೂ ಏಳಿ ಎಂದು ಅವನು ಕೂಗಿದ. “ರೊಟ್ಟಿ ಮುಗೀಲಿ, ಏಳತೇವಿ,” ಎಂದು ಅವಳು ಕನ್ನಡದಲ್ಲೇ ಕೂಗಿ ಹೇಳಿದಳು. ಅವಳ ದನಿಗೆ ರಸ್ತೆಯಲ್ಲಿ ಮೆಂತ್ಯದ ಸೊಪ್ಪಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ಗಕ್ಕನೆ ನಿಂತಳು.

“ಯಾವೂರವ್ವಾ ನಿಮ್ಮದು?”

“ಬೆಟಗೇರಿ.”

“ಅಯ್ಯ ನಮ್ಮವ್ವಾ! ನಂದು ಲಕ್ಷ್ಮೇಶ್ವರ!”

ಅವಳ ಹೆಸರು ಅಮೃತವ್ವ. ಗಂಡನ ಜೊತೆ ಮುಂಬೈಯ ಬಟ್ಟೆ ಗಿರಣಿಗಳ ಲಾಲಬಾಗಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಗಂಡ ಗಿರಣಿಯಲ್ಲಿದ್ದು ತೀರಿಕೊಂಡ ಮೇಲೆ ಗಿರಣಿ ಕೆಲಸದ ನಮ್ಮ ಕಡೆಯ ಹುಡುಗರಿಗೆ ಖಾನಾವಳಿ ನಡೆಸುತ್ತಿದ್ದಳು. ವಾರಕ್ಕೊಮ್ಮೆ ಈ ಕಡೆಯ ಮಾರ್ಕೆಟ್ಟಿಗೆ ಸೊಪ್ಪಿಗೆ ಬರುತ್ತಿದ್ದಳು. ದಾರಿಯುದ್ದಕ್ಕೂ ಅವಳ ಬಾಯಿ ನಿಲ್ಲಲಿಲ್ಲ. “ನಾವು ಸಣ್ಣಾವರಿದ್ದಾಗ ನಮ್ಮೂರು ಮಿರಜ ಸಂಸ್ಥಾನದ್ದು, ಬಾಜೂ ಶಿರಹಟ್ಟಿ ಸಾಂಗಲಿಯವರದು, ನಿಮ್ಮ ಗದಗ ಇಂಗ್ರೇಜಿಯವರದು. ಒಂದು ದಿನಾ ನಡಿಯೋದರಾಗ ಮೂರು ಸರ್ಕಾರ ನೋಡ್ರಿ! ಈಗ ಎಲ್ಲಾ ಒಂದಾಗತೈತಂತ, ಖರೆ ಏನ?”

“ಖರೆ. ಬರೋ ತಿಂಗಳ,” ಎಂದಳು ಬನಶಂಕರೆವ್ವ.

ಖಾನಾವಳಿಯ ಹಿಂದಿನ ಕೋಣೆಯಲ್ಲಿ ಜೋಳದ ಚೀಲಗಳ ನಡುವೆ ಇಬ್ಬರಿಗೂ ಮಲಗಲು ಜಾಗ ಸಿಕ್ಕಿತು. ಬದಲಿಗೆ ಮುಂಜಾನೆ ರೊಟ್ಟಿ ಬಡಿದುಕೊಡುವುದು ಎಂದು ಬನಶಂಕರೆವ್ವನೇ ಮಾತಾಡಿಕೊಂಡಳು. ಹುಚ್ಚವ್ವನ ರೊಟ್ಟಿ ತಟ್ಟುವ ಸಪ್ಪಳಕ್ಕೆ ಮುಂಡರಗಿಯ ಕಡೆಯ ಹುಡುಗನೊಬ್ಬ ಚಾಳಿನ ಮೂರನೆಯ ಮಹಡಿಯಿಂದ ಇಳಿದುಬಂದ. ನಮ್ಮವ್ವನ ಕೈ ಸಪ್ಪಳ ಕೇಳಿದ ಹಾಗಾಯಿತು ಎಂದು ಹೇಳಿ, ನಾಚಿಕೊಂಡು, ಹೆಚ್ಚಿಗೆ ಎರಡು ರೊಟ್ಟಿ ತಿಂದು ಹೋದ.

ರೊಟ್ಟಿ ಮುಗಿದ ಮೇಲೆ ದಿನವೆಲ್ಲ ಅವರದೇ. ಟ್ರಾಮಿನಲ್ಲಿ ಒಂದೇ ಒಂದು ಸಲ ಕೂತರು. ಉಳಿದ ಊರನ್ನೆಲ್ಲ ನಡೆದೇ ನೋಡಿದರು. ಗಿರಣಿಯ ಗೇಟಿನ ಹೊರಗೆ ನಿಂತು ಮಗ್ಗಗಳ ಗುಡುಗು ಕೇಳಿದರು. ಒಬ್ಬನೇ ನಾಲ್ಕು ಮಗ್ಗ ನೋಡಿಕೊಳ್ಳುತ್ತಾನೆ, ನೀವು ಒಂದು ಸೀರೆ ಮುಗಿಸುವುದರೊಳಗೆ ಇಲ್ಲಿ ನೂರು ಇಳಿಯುತ್ತವೆ ಎಂದು ಖಾನಾವಳಿಯ ಹುಡುಗರು ಹೇಳಿದ್ದರು. “ಇಳೀಲಿ,” ಎಂದಿದ್ದಳು ಬನಶಂಕರೆವ್ವ. “ನೂರಕ್ಕೂ ಒಂದ ಸೆರಗು. ನನ್ನ ಒಂದಕ್ಕ ನಂದ ಸೆರಗು.”

ಶುಕ್ರವಾರ ಅವರು ಕೇಳುತ್ತ ಕೇಳುತ್ತ ಸರ್ಕಾರದ ದೊಡ್ಡ ಕಚೇರಿಗೆ ಹೋದರು. ಗೇಟಿನ ಪಹರೆಯವನು ಬಿಳಿ ಮೀಸೆಯ ಕೊಂಕಣದ ಮನುಷ್ಯ. ಅರ್ಜಿ ಎಲ್ಲಿ ಎಂದು ಕೈ ಚಾಚಿದ.

“ಅರ್ಜಿ ಇಲ್ಲ,” ಎಂದಳು ಬನಶಂಕರೆವ್ವ ತನ್ನ ಹರಕು ಮರಾಠಿಯಲ್ಲೇ.

“ಯಾವ ಸಾಹೇಬರನ್ನ ನೋಡಬೇಕು?”

“ಯಾರನ್ನೂ ಅಲ್ಲ. ಸರ್ಕಾರ ನೋಡಬೇಕು. ಇಷ್ಟು ವರ್ಷ ನಮ್ಮನ್ನ ಆಳಿತಲ್ಲ, ಹೆಂಗೈತಿ ಅಂತ ನೋಡಾಕ ಬಂದೇವಿ.”

ಅವನು ಮೊದಲು ಅವಳ ಮುಖ ನೋಡಿದ, ಆಮೇಲೆ ಬೆನ್ನ ಮೇಲಿನ ಚೀಲ ನೋಡಿದ. ಮೂವತ್ತು ವರ್ಷದ ನೌಕರಿಯಲ್ಲಿ ಅರ್ಜಿ ಇಲ್ಲದೆ ಬಂದವರನ್ನು ಕಂಡಿರಲಿಲ್ಲವಂತೆ. ಕಚೇರಿಯೊಳಗೆ ಬಿಡಲು ಅಪ್ಪಣೆ ಇಲ್ಲ, ಆದರೆ ಇಲ್ಲಿ ನೆರಳಲ್ಲಿ ಕೂತು ಎಷ್ಟು ಹೊತ್ತು ಬೇಕಾದರೂ ನೋಡಿ ಎಂದು ಗೇಟಿನ ಒಳಬದಿಯ ಮರ ತೋರಿಸಿ, ಮಡಕೆಯ ನೀರು ಕೊಟ್ಟ.

ಅಂಗಳದಲ್ಲಿ ಹಮಾಲರು ಕಾಗದದ ಕಟ್ಟುಗಳನ್ನು ಲಾರಿಗೆ ಏರಿಸುತ್ತಿದ್ದರು. ಮಣ್ಣುಬಣ್ಣದ ಬಟ್ಟೆಯಲ್ಲಿ ಕಟ್ಟಿದ ಕಟ್ಟುಗಳು ನೂರಾರಿದ್ದವು. ಕನ್ನಡಕದ ಗುಮಾಸ್ತನೊಬ್ಬ ಪಟ್ಟಿ ಹಿಡಿದು ಟಿಕ್ ಹಾಕುತ್ತಿದ್ದ. ಇವೇನು ಎಂದು ಬನಶಂಕರೆವ್ವ ಕೇಳಿದಳು.

“ಧಾರವಾಡ ಜಿಲ್ಲಾ. ಮೈಸೂರಿಗೆ ಹೋಗಬೇಕು.”

ಅವಳು ಎದ್ದು ಹೋಗಿ ಒಂದು ಕಟ್ಟಿನ ಮೇಲೆ ಅಂಗೈ ಇಟ್ಟಳು. “ಇದರಾಗ ಬೆಟಗೇರಿ ಐತೇನ್ರಿ?”

ಗುಮಾಸ್ತ ನಕ್ಕ. “ಇರಬಹುದು, ಬಾಯಿಯವರೇ. ಎಲ್ಲಾದರೂ ಇದ್ದೇ ಇರತದೆ.”

ಹುಚ್ಚವ್ವ ಮರದಡಿಯಿಂದಲೇ ಕೇಳಿದಳು, “ಏನಂತಾನ?”

“ನಮ್ಮೂರನ್ನ ಗಂಟು ಕಟ್ಟಿ ಲಾರಿಗೆ ಹಾಕಾಕತ್ತಾರಂತ. ನಮ್ಮನ್ನ ಕೇಳದ ಇತ್ತಾಗ ಕಟ್ಟಿದ್ರು, ಈಗ ಅತ್ತಾಗ ಕಟ್ಟತಾರ.” ಅವಳು ಬೆನ್ನ ಮೇಲಿನ ಪಟ್ಟಿ ಬಿಗಿ ಮಾಡಿಕೊಂಡಳು. “ಇರಲಿ. ನಾವರ ಯಾರ ಕಡಿಂದನೂ ಕಟ್ಟಿಸಿಕೊಳ್ಳದ ಬಂದೇವಿ.”

ಶನಿವಾರ ಮಧ್ಯಾಹ್ನ ಖಾನಾವಳಿಯ ಬಾಗಿಲಲ್ಲಿ ಬಿಳಿ ಟೋಪಿಯ ದಪ್ಪ ಮನುಷ್ಯನೊಬ್ಬ ಬಂದು ನಿಂತ. ನಾರಾಯಣಪ್ಪನ ಸೀರೆಗಳನ್ನು ಇಲ್ಲಿ ಮಾರಿಸಿಕೊಡುವ ದಲಾಲ ಪುಂಡಲೀಕಪ್ಪ. ಗದಗ ಕಡೆಯ ಖಾನಾವಳಿಗಳನ್ನೆಲ್ಲ ಎರಡು ದಿನ ಹುಡುಕಿ ಬಂದಿದ್ದ. ಬೆವರು ಒರೆಸಿಕೊಳ್ಳುತ್ತ ಜೇಬಿನಿಂದ ಕಾಗದ ತೆಗೆದ.

“ನಾರಾಯಣಪ್ಪ ಬರದಾನ. ಇವತ್ತಿನ ಗಾಡಿಗೆ ನಿಮ್ಮನ್ನ ಕುಂಡ್ರಿಸಬೇಕಂತ. ಟಿಕೀಟು ತಂದೀನಿ. ನಡೀರಿ.”

“ನಂದು ಗುರುವಾರ ಗಾಡಿ,” ಎಂದಳು ಬನಶಂಕರೆವ್ವ. “ನೀವು ಬಿಸಲಾಗ ಬಂದೀರಿ, ಕುಂಡ್ರಿ, ಮಜ್ಜಿಗಿ ಕುಡೀರಿ.”

“ಮಜ್ಜಿಗಿ ಕುಡಿಯಾಕ ಬಂದಿಲ್ರಿ. ಊರಾಗ ಏನಂತಾರ ಗೊತ್ತೈತೇನು? ಬಾಬಣ್ಣನ ಹೇಣ್ತಿ ಓಡಿ ಹೋದಳು ಅಂತಾರ.”

“ಓಡಿಲ್ಲ. ನಡಕೋತ ಬಂದೇನಿ. ಸಂಜಿ ಐದು ಗಂಟೇಕ, ಓಣಿ ನಟ್ಟನಡುವ, ಎಲ್ಲಾರ ಎದುರಿಗೆ. ನೋಡಿದವರ ಹೆಸರು ಬೇಕೇನು?”

ಪುಂಡಲೀಕಪ್ಪ ಕಾಗದ ಪೂರಾ ಬಿಡಿಸಿದ. ಕಾಗದದ ಕೆಳಗಿನ ಸಾಲುಗಳನ್ನು ಓದಿದ. ಸೋಮವಾರದೊಳಗೆ ವೈನಿ ಬೆಟಗೇರಿಯಲ್ಲಿರದಿದ್ದರೆ ಎರಡನೆಯ ಮಗ್ಗಕ್ಕೆ ಬೇರೆ ಆಳು ಕೂರುತ್ತಾನೆ, ಆಮೇಲೆ ನನ್ನನ್ನು ಕೇಳಬಾರದು ಎಂದಿತ್ತು.

ಒಲೆಯ ಮುಂದೆ ಕೂತಿದ್ದ ಹುಚ್ಚವ್ವನ ಕೈಯಲ್ಲಿ ರೊಟ್ಟಿ ಹರಿಯಿತು. ಆ ಕುಣಿಯಲ್ಲಿ ಕೂತ ದಿನ ಮಾತ್ರ ಬನಶಂಕರೆವ್ವ ತಾನು ವಿಧವೆ ಎಂಬುದನ್ನು ಮರೆಯುತ್ತಿದ್ದಳು. ಕಾಲಡಿಯ ತುಳಿಮಣೆಗಳು ಅವಳ ಹೆಜ್ಜೆಯ ಅಳತೆಗೆ ಸವೆದಿದ್ದವು. ಅವಳು ಗೋಡೆಗೆ ಆತು ನಿಂತು ಹೇಳಿದಳು:

“ಎಂಟು ದಿನಾ ಅಂದಿದ್ದೆ. ಎಂಟು ದಿನಾ ಇರತೇನಿ. ಇವತ್ತು ಅಂಜಿ ಗಾಡಿ ಹತ್ತಿದ್ರ ಆ ಮಗ್ಗ ಉಳೀತೈತಿ, ಖರೆ. ಆದ್ರ ಅದರಾಗ ಕುಂತು ನೇಯಾಕಿ ನಾ ಆಗಿರಂಗಿಲ್ಲ. ಹಂಗ ಬರೀರಿ ಅವಗ.”

“ಬರದ್ರ ಸಿಟ್ಟಿಗೇಳತಾನ.”

“ಏಳಲಿ. ಕುಂತ ಕುಂತ ಅವನ ಕಾಲು ಜೋಮು ಹಿಡದಾವು.”

ಖಾನಾವಳಿಯ ಹುಡುಗರು ತಾಟಿನ ಮೇಲೆ ಬಾಗಿ ನಗು ತಡೆದರು. ಪುಂಡಲೀಕಪ್ಪ ಟೋಪಿ ಸರಿಮಾಡಿಕೊಂಡು ಹೊರಟುಹೋದ. ಮಜ್ಜಿಗೆ ಅಲ್ಲೇ ಉಳಿಯಿತು.

ಆ ಸಂಜೆ ಹುಚ್ಚವ್ವ ಸಿಟ್ಟು ಮಾಡಿದಳು. “ನಿನಗ ಹಟಾನ ಅನ್ನ ಹಾಕತೈತೇನು? ಊರಿಗೆ ಹೋಗಿ ಏನು ತಿಂತಿ?”

“ಗೊತ್ತಿಲ್ಲ ಹುಚ್ಚಿ. ಅಂಜಿಕಿ ನನಗೂ ಐತಿ. ಆದ್ರ ಅಂಜಿಕಿ ಮಾತು ಕೇಳಿದ್ರ ಅದಕ್ಕ ರೂಢಿ ಆಗಿಬಿಡತೈತಿ.”

ಪಾತ್ರೆ ತಿಕ್ಕುತ್ತ ಅಮೃತವ್ವ ಇದನ್ನೆಲ್ಲ ಕೇಳಿಸಿಕೊಂಡಳು. ಸಮುದ್ರ ನೋಡಲು ಕರೆದುಕೊಂಡು ಹೋಗು ಎಂದು ಅವರು ಮೂರು ದಿನದಿಂದ ಕೇಳಿದರೂ ಅವಳು ನಾಳೆ, ನಾಳೆ ಎನ್ನುತ್ತಿದ್ದಳು. ಈಗ ತಲೆ ಎತ್ತದೆ ಹೇಳಿದಳು, “ನಾ ನಿಮಗ ಒಂದು ಹೇಳಿಲ್ಲ. ಇಪ್ಪತ್ತೆರಡು ವರ್ಷ ಆತು, ನಾ ಒಮ್ಮೀನೂ ಸಮುದ್ರ ನೋಡಿಲ್ಲ. ದಾರೀನೂ ಗೊತ್ತಿಲ್ಲ. ಮುಂಜಾನಿ ಅಡಗಿ, ಸಂಜಿ ಅಡಗಿ. ಮೊದಲ ಅವರು ಇದ್ದಾಗ ಸುಟ್ಟಿ ದಿನಾ ಹೋಗೂಣು ಅಂತಿದ್ರು. ಆಗಲೇ ಇಲ್ಲ. ಈಗ ಸುಟ್ಟಿ ದಿನಾ ಖಾನಾವಳ್ಯಾಗ ಎರಡು ಪಟ್ಟು ಮಂದಿ.”

“ನಾಳೆ ಯಾವ ವಾರ?” ಎಂದಳು ಬನಶಂಕರೆವ್ವ.

“ಐತವಾರ.”

“ಹಂಗಾರ ನಾಳೆ.”

ಭಾನುವಾರ ಮಧ್ಯಾಹ್ನ ಅಮೃತವ್ವ ಬುಟ್ಟಿ, ಗಡಿಗೆ ಅಂಗಳಕ್ಕೆ ತಂದಿಟ್ಟು ಖಾನಾವಳಿಯ ಬಾಗಿಲಿಗೆ ಕೀಲಿ ಹಾಕಿದಳು. ಅಂಗಳದಲ್ಲಿ ನಿಂತ ಹುಡುಗರು ಊಟ ಎಲ್ಲಿ ಎಂದು ಗದ್ದಲ ಮಾಡಿದರು. “ರೊಟ್ಟಿ ಬುಟ್ಟ್ಯಾಗ ಅದಾವು, ಪಲ್ಯ ಗಡಿಗ್ಯಾಗ ಐತಿ, ಹಚ್ಚಿಕೊಂಡು ತಿನ್ರಿ. ನಾನೂ ಮನಷಾಳ ಅದೀನಿ!” ಎಂದು ಕೂಗಿದಳು. ಕೂಗಿದ ಮೇಲೆ ತಾನೇ ಬೆರಗಾಗಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ದಾರಿ ಕೇಳುತ್ತ ಎರಡು ತಾಸು ನಡೆದರು. ಚೌಪಾಟಿಯ ಕೊನೆಯ ತಿರುವಿನಲ್ಲಿ ಮನೆಗಳ ಸಾಲು ಮುಗಿದದ್ದೇ, ಮುಂದೆ ಏನೂ ಇರಲಿಲ್ಲ. ಬರಿ ಬಯಲು, ಆ ಬಯಲು ಅಲುಗಾಡುತ್ತಿತ್ತು. ಮೂವರೂ ನಿಂತುಬಿಟ್ಟರು.

ಹುಚ್ಚವ್ವ ಮೊದಲು ಮರಳಿಗಿಳಿದು, ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡು ಉಗುಳಿದಳು. “ಥೂ! ಇಷ್ಟು ನೀರು ಇಟಗೊಂಡು ಒಂದು ಹೊಲಕ್ಕೂ ಆಗಂಗಿಲ್ಲಲ್ಲ ಇದು!” ಎಂದು ಬೈದಳು. ಬೈಯುತ್ತಲೇ ಇನ್ನೂ ಎರಡು ಹೆಜ್ಜೆ ಒಳಗೆ ಹೋದಳು. ಅಮೃತವ್ವ ದಡದಲ್ಲೇ ಕೂತು ಅತ್ತಳು. ಸಮಾಧಾನ ಮಾಡಲು ಯಾರೂ ಹೋಗಲಿಲ್ಲ. ಅವಳಿಗೆ ಅದು ಬೇಕೂ ಇರಲಿಲ್ಲ.

ಬನಶಂಕರೆವ್ವ ಕಚ್ಚೆ ಎತ್ತಿ ಕಟ್ಟಿಕೊಂಡು ಮೊಣಕಾಲಿನವರೆಗೆ ನೀರಿನಲ್ಲಿ ನಿಂತಳು. ಅಲೆ ಹಿಂದಕ್ಕೆ ಹೋಗುವಾಗ ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತಿತ್ತು. ಅವಳು ಬೆರಳುಗಳನ್ನು ಒತ್ತಿ ಊರಿ ನಿಂತಳು. ಗಂಡನಿಗೆ ಇದು ಬರಿ ನೀರಾಗಿ ಕಂಡಿತ್ತಲ್ಲ, ಪಾಪ, ಪೆಂಡಿಯ ಚಿಂತೆಯಲ್ಲಿ ಕಣ್ಣೆತ್ತಿ ನೋಡಿದ್ದನೋ ಇಲ್ಲವೋ ಎನಿಸಿತು. ದೊಡ್ಡ ಅಲೆಯೊಂದು ಎದೆಯವರೆಗೆ ಹೊಡೆಯಿತು. ಬೀಳಲಿಲ್ಲ. ಜೋರಾಗಿ ನಕ್ಕಳು. ಇನ್ನೊಂದು ಬಾ ಎಂದು ಕೈ ಮಾಡಿ ಕರೆದಳು.

ಸೋಮವಾರ ಬಂತು, ಹೋಯಿತು. ಅವರು ಅಂದು ಬಂದರಿನ ಹಡಗು ನೋಡಿದರು. ಗುರುವಾರ ಗಾಡಿ ಹತ್ತಿದರು. ಶನಿವಾರ ಮುಂಜಾನೆ ಬೆಟಗೇರಿಯ ಪಡಸಾಲೆಯಲ್ಲಿ ಕಾಲಿಟ್ಟಾಗ ಎರಡನೆಯ ಮಗ್ಗದಲ್ಲಿ ಅಪರಿಚಿತನೊಬ್ಬ ಕೂತು ನೇಯುತ್ತಿದ್ದ. ಅವಳನ್ನು ನೋಡಿ ಅವನ ಲಾಳಿ ನಿಂತಿತು.

“ನೀ ನೇಯಿ ತಮ್ಮಾ. ನಿಂದೇನು ತಪ್ಪಿಲ್ಲ,” ಎಂದಳು ಬನಶಂಕರೆವ್ವ. ಆಮೇಲೆ ಒಳಗೆ ತಿರುಗಿ, “ನಾರಾಯಣಪ್ಪ, ಕುಣಿ ಮನಿದು, ಅದು ನಿನಗಿರಲಿ. ಆ ಹಣಗಿ, ಎರಡು ಲಾಳಿ, ಅಣಿ, ಮಗ್ಗದ ಈ ಸಾಮಾನೆಲ್ಲ ನಾ ನೇದು ಗಳಿಸಿದ್ದರಾಗ ಕೊಂಡದ್ದು. ಆ ಹಾಸು ಮುಗಿದ ಮ್ಯಾಲೆ ಬಿಚ್ಚಿಕೊಂಡು ಹೋಗತೇನಿ.”

“ಎಲ್ಲಿಗೆ ಹೋಗ್ತಿ?” ಅವನ ದನಿಯಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚಿತ್ತು. ಅತ್ತು ಕಾಲು ಹಿಡಿಯುತ್ತಾಳೆ ಎಂದುಕೊಂಡಿದ್ದನೋ ಏನೋ. “ವೈನಿ, ತಪ್ಪಾತು ಅನ್ನು. ಒಂದು ಮಾತು. ಅಂವನ್ನ ಈಗಿಂದೀಗ ಎಬ್ಬಸ್ತೀನಿ.”

“ತಪ್ಪು ಆಗಿಲ್ಲ. ಆಗಲಾರದ್ದು ಆತು ಅಂತ ಹೆಂಗನ್ನಲಿ?”

ನವೆಂಬರ್ ಒಂದರಂದು ಗದಗಿನಲ್ಲಿ ಮೆರವಣಿಗೆ ಹೊರಟಿತು. ಬಾಜಾಬಜಂತ್ರಿ, ಹೊಸ ನಾಡಿನ ಜಯಕಾರ, ಶಾಲೆಯ ಮಕ್ಕಳಿಗೆ ಪೇಡೆ. ಕಳಸಾಪುರದಲ್ಲಿ ಹುಚ್ಚವ್ವನ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಬನಶಂಕರೆವ್ವ ಗುದ್ದಲಿ ಹಿಡಿದು ಕುಣಿ ತೋಡುತ್ತಿದ್ದಳು. ಎರೆಮಣ್ಣು ಮಗ್ಗದ ಕುಣಿಗೆ ಆಗಿಬರುವುದಿಲ್ಲ. ಒಣಗಿದರೆ ಬಿರಿಯುತ್ತದೆ, ನೆನೆದರೆ ಕುಸಿಯುತ್ತದೆ. ಎರಡು ಸಲ ಕುಸಿಯಿತು. ಊರವರು, ರೈತರ ಹಳ್ಳಿಯಲ್ಲಿ ಮಗ್ಗ ಯಾರು ಹೂಡುತ್ತಾರೆ ಎಂದು ನಕ್ಕರು. ಮೂರನೆಯ ಸಲ ಹುಚ್ಚವ್ವನ ಮಗ ಹಳ್ಳದಿಂದ ಬಂಡಿಯಲ್ಲಿ ಕಲ್ಲು ತಂದ. ಕುಣಿಯ ನಾಲ್ಕೂ ಬದಿಗೆ ಕಲ್ಲು ಕಟ್ಟಿದರು. ಈ ಸಲ ನಿಂತಿತು.

ದೀಪಾವಳಿ ಕಳೆದು ಎರಡನೆಯ ವಾರ ಹೊಸ ಹಾಸು ಹೂಡಿ ಅವಳು ಒಬ್ಬಳೇ ಒದ್ದಾಡುತ್ತಿದ್ದಳು. ಕಂಡಿಕೆ ಸುತ್ತುವವರಿಲ್ಲ, ಅದನ್ನೂ ತಾನೇ ಸುತ್ತಿ ತಾನೇ ನೇಯಬೇಕು. ಒಂದು ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಚೌಡವ್ವ ನಿಂತಿದ್ದಳು. ಬೆಟಗೇರಿಯಿಂದ ನಡೆದೇ ಬಂದಿದ್ದಳು. ಕಾಲೆಲ್ಲ ಧೂಳು, ಸೊಂಟದ ಮೇಲೆ ರಾಟೆ.

“ನಾರಾಯಣಪ್ಪ ಏನಂದಾ?” ಎಂದು ಬನಶಂಕರೆವ್ವ ಗಾಬರಿಯಿಂದ ಕೇಳಿದಳು.

“ಏನೇನೋ ಅಂದ್ರು. ಪೂರಾ ಕೇಳಸ್ಕೊಂಡ ಬಂದೇನಿ,” ಎಂದಳು ಚೌಡವ್ವ. “ವಾರಕ್ಕ ಎರಡು ದಿನಾ ಬರತೇನಿ.”

ಅವಳು ರಾಟೆಯನ್ನು ಬೆಳಕಿರುವ ಕಡೆ ಇಳಿಸಿ ಕೂತಳು. ನೂಲಿನ ಲಡಿ ಎಲ್ಲಿದೆ ಎಂದು ಕೇಳಿದಳು. ಬನಶಂಕರೆವ್ವ ತೋರಿಸಿದಳು.